ಅವರವರ ಹೊಟ್ಟೆ, ಅವರವರ ಅಳತೆ: ಪುಡಿಯ ಏಜೆನ್ಸಿ ನಮಗೆ ಬೇಕೆ?



ಕಳೆದ ಆಡಳಿತ ಮಂಡಳಿಯ ಸಭೆಯ ಮುಂದೆ ಒಂದು ವಿಚಿತ್ರ ಅರ್ಜಿ ಬಂದಿತು. ಗೊಬ್ಬರದ್ದಲ್ಲ, ಮೈಲುತುತ್ತದ್ದಲ್ಲ, ಮನುಷ್ಯರ ಆಹಾರದ್ದು. ದೊಡ್ಡ ನಗರದ ಒಂದು ಸಂಸ್ಥೆಯವರು ನಮ್ಮ ಸಂಘದ ಮಾರಾಟ ಮಳಿಗೆಯನ್ನು ತಮ್ಮ ಏಜೆನ್ಸಿಯಾಗಿ ಮಾಡಿಕೊಳ್ಳಲು ಬಯಸಿದ್ದಾರೆ. ಸದಸ್ಯರ ಮನೆಯವರ ರಕ್ತ ಮತ್ತು ಮಲದ ಮಾದರಿಯನ್ನು ಅವರೇ ತರಿಸಿಕೊಂಡು ಪರೀಕ್ಷಿಸುತ್ತಾರಂತೆ. ಆಮೇಲೆ ಪ್ರತಿಯೊಬ್ಬರ ಜೀರ್ಣಶಕ್ತಿಗೂ ಹಾರ್ಮೋನಿಗೂ ತಕ್ಕಂತೆ ಆಹಾರದ ಪಟ್ಟಿಯನ್ನೂ ಬೇರೆ ಬೇರೆ ಪುಡಿಗಳನ್ನೂ ಕಳಿಸಿಕೊಡುತ್ತಾರಂತೆ. ಒಬ್ಬರಿಗೆ ವರ್ಷಕ್ಕೆ ತಗಲುವ ವೆಚ್ಚ ಹೆಚ್ಚು ಕಡಿಮೆ ಒಂದು ಚೀಲ ರೊಬಸ್ಟಾ ಚೆರಿಯ ಬೆಲೆ. ಸಂಘಕ್ಕೆ ಕಮಿಷನ್ ಉಂಟು.

ಮಂಡಳಿಯಲ್ಲಿ ಎರಡು ಅಭಿಪ್ರಾಯ ಬಂದುವು. ಮಳಿಗೆಗೆ ಆದಾಯ ಬೇಕು, ಸದಸ್ಯರಲ್ಲಿ ಹಲವರು ಈಗಾಗಲೇ ಮೊಬೈಲಿನಲ್ಲಿ ನೋಡಿ ಇಂಥವನ್ನು ತರಿಸುತ್ತಿದ್ದಾರೆ, ಸಂಘದ ಮೂಲಕವೇ ಬರಲಿ ಎಂದು ಕೆಲವರು. ಬೇಡವೆಂದು ಕೆಲವರು. ತೀರ್ಮಾನ ಮುಂದಿನ ಸಭೆಗೆ ಹೋಗಿದೆ. ಕಾರ್ಯದರ್ಶಿಯಾಗಿ ನಮ್ಮ ಅಭಿಪ್ರಾಯವನ್ನು ಮುಚ್ಚಿಡುವುದು ಸರಿಯಲ್ಲವಾದ್ದರಿಂದ ಇಲ್ಲಿ ಬರೆಯುತ್ತಿದ್ದೇವೆ. ಏಜೆನ್ಸಿ ಬೇಡ ಎಂಬುದೇ ನಮ್ಮ ಮತ. ಆದರೆ ಅದರ ಹಿಂದಿನ ತತ್ತ್ವವನ್ನು ನಾವು ತಳ್ಳಿಹಾಕುವುದಿಲ್ಲ. ಈ ಎರಡನ್ನೂ ಬೇರೆ ಮಾಡಿ ನೋಡುವುದೇ ಈ ಲೇಖನದ ಉದ್ದೇಶ.

ತತ್ತ್ವ ಸರಿ

ಒಂದೇ ಊಟ ಎಲ್ಲರಿಗೂ ಒಂದೇ ರೀತಿ ಒಗ್ಗುವುದಿಲ್ಲ ಎಂಬುದನ್ನು ಬೆಳೆಗಾರನಿಗೆ ಬಿಡಿಸಿ ಹೇಳಬೇಕಾಗಿಲ್ಲ. ಒಂದೇ ಎಸ್ಟೇಟಿನ ಮೇಲಿನ ಬ್ಲಾಕಿಗೆ ಸುಣ್ಣ ಬೇಕು, ಹಳ್ಳದ ಪಕ್ಕದ ಬ್ಲಾಕಿಗೆ ಬೇಡ. ಅದಕ್ಕೇ ಅಲ್ಲವೇ ನಾವು ಮಣ್ಣು ಕಟ್ಟಿಕೊಂಡು ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರದವರೆಗೆ ಹೋಗುವುದು? ಅಕ್ಕಪಕ್ಕದ ತೋಟಗಳೇ ಹೀಗಿರುವಾಗ ಮನುಷ್ಯರ ದೇಹ ಬೇರೆ ಬೇರೆ ಇರುವುದರಲ್ಲಿ ಆಶ್ಚರ್ಯವೇನು?

ವಿಜ್ಞಾನಿಗಳೂ ಇದನ್ನು ಅಳೆದು ತೋರಿಸಿದ್ದಾರೆ. ಇಸ್ರೇಲಿನ ವೈಜ್‌ಮನ್ ಸಂಸ್ಥೆಯವರು 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 800 ಜನರ ರಕ್ತದ ಸಕ್ಕರೆಯನ್ನು ಒಂದು ವಾರ ಬಿಡದೆ ಅಳೆದರು. ಒಂದೇ ಆಹಾರ ತಿಂದರೂ ಒಬ್ಬರ ಸಕ್ಕರೆ ಏರಿತು, ಇನ್ನೊಬ್ಬರದು ಏರಲಿಲ್ಲ. ಕರುಳಿನೊಳಗಿನ ಸೂಕ್ಷ್ಮಜೀವಿಗಳ ವ್ಯತ್ಯಾಸವೂ ಇದಕ್ಕೆ ಒಂದು ಕಾರಣವೆಂದು ಅವರು ಕಂಡರು. 2020ರಲ್ಲಿ ಬ್ರಿಟನ್ ಮತ್ತು ಅಮೆರಿಕದ ಸುಮಾರು ಒಂದು ಸಾವಿರ ಜನರ ಮೇಲೆ ನಡೆದ ಅಧ್ಯಯನದಲ್ಲಿ ಅವಳಿಜವಳಿಗಳಲ್ಲಿಯೂ ಇಂಥ ವ್ಯತ್ಯಾಸ ಕಂಡಿತು. ಆದ್ದರಿಂದ 'ಅವರವರ ದೇಹಕ್ಕೆ ತಕ್ಕ ಆಹಾರ' ಎಂಬುದು ಬರಿಯ ಮಾರಾಟದ ಮಾತಲ್ಲ.

ವ್ಯಾಪಾರ ಸರಿಯಲ್ಲ

ಆದರೆ ಮಣ್ಣು ಪರೀಕ್ಷೆ ಮಾಡುವವನೇ ಗೊಬ್ಬರ ಮಾರುವವನಾದರೆ ವರದಿಯಲ್ಲಿ 'ಗೊಬ್ಬರ ಬೇಡ' ಎಂದು ಎಂದಾದರೂ ಬರುವುದುಂಟೇ? ನಮ್ಮ ಮೊದಲನೆಯ ಆಕ್ಷೇಪ ಇದು. ಪರೀಕ್ಷೆ ಮತ್ತು ಮಾರಾಟ ಒಂದೇ ಕೈಯಲ್ಲಿರಬಾರದು.

ಎರಡನೆಯದು, ಪರೀಕ್ಷೆಯ ಯೋಗ್ಯತೆ. ಆ ಸಂಸ್ಥೆಯ ಕರಪತ್ರದಲ್ಲಿ ರಕ್ತದ ಐ.ಜಿ.ಜಿ. ಪರೀಕ್ಷೆಯಿಂದ ನಿಮಗೆ ಒಗ್ಗದ ಆಹಾರಗಳನ್ನು ಪತ್ತೆಮಾಡುತ್ತೇವೆ ಎಂದಿದೆ. ಐ.ಜಿ.ಜಿ. ಎಂಬುದು ನಾವು ತಿಂದ ಆಹಾರದ ಪರಿಚಯ ದೇಹಕ್ಕಾಗಿದೆ ಎಂಬುದರ ಗುರುತು ಮಾತ್ರ, ಅದು ಒಗ್ಗುವುದಿಲ್ಲ ಎಂಬುದರ ಗುರುತಲ್ಲ. ಯುರೋಪು ಮತ್ತು ಅಮೆರಿಕದ ಅಲರ್ಜಿ ತಜ್ಞರ ಸಂಘಗಳು ಇದನ್ನು ಮಾಡಿಸಬೇಡಿ ಎಂದೇ ಹೇಳಿವೆ. ದಿನವೂ ಅನ್ನ ತಿನ್ನುವವನಿಗೆ ಈ ಪರೀಕ್ಷೆ 'ಅಕ್ಕಿ ಬಿಡು' ಎಂದರೆ ಅಚ್ಚರಿಯಿಲ್ಲ.

ಮೂರನೆಯದು, ಪುಡಿಯಿಂದಲೇ ಆಗುವ ಕೆಡಕು. ಕೂದಲಿಗೂ ಹಾರ್ಮೋನಿಗೂ ಒಳ್ಳೆಯದೆಂದು ಮಾರುವ ಪುಡಿ ಮಾತ್ರೆಗಳಲ್ಲಿ ಬಯೋಟಿನ್ ಎಂಬ ಜೀವಸತ್ತ್ವವನ್ನು ಹೇರಳವಾಗಿ ಹಾಕಿರುತ್ತಾರೆ. ಅದು ರಕ್ತದಲ್ಲಿದ್ದರೆ ಕೆಲವು ಪ್ರಯೋಗಶಾಲೆಗಳ ಥೈರಾಯ್ಡ್ ಪರೀಕ್ಷೆಯ ಲೆಕ್ಕವೇ ತಪ್ಪುತ್ತದೆ. ಅಮೆರಿಕದ ಔಷಧ ನಿಯಂತ್ರಣದವರು 2017ರಲ್ಲಿಯೇ ಈ ಎಚ್ಚರಿಕೆ ಕೊಟ್ಟಿದ್ದಾರೆ. ನೆನ್ನೆ ಗೊಬ್ಬರ ಹಾಕಿದ ಬುಡದ ಮಣ್ಣನ್ನು ಇಂದು ಪರೀಕ್ಷೆಗೆ ತೆಗೆದಂತೆ ಇದು. ಇನ್ನು ಆಹಾರ ಪೂರಕಗಳ ಮೇಲೆ 'ರೋಗ ವಾಸಿಮಾಡುತ್ತದೆ' ಎಂದು ಹೇಳಿಕೊಳ್ಳಲು ನಮ್ಮ ದೇಶದ ಕಾನೂನಿನಲ್ಲಿ ಅವಕಾಶವೇ ಇಲ್ಲ. ಏಜೆಂಟರು ಬಾಯಿಮಾತಿನಲ್ಲಿ ಹೇಳುವುದೆಲ್ಲ ಅದನ್ನೇ!

ಕಲಬುರಗಿಯಲ್ಲಿ ಕಂಡದ್ದು

ಈ ಅರ್ಜಿ ನಮ್ಮ ಮೇಜಿನ ಮೇಲಿದ್ದಾಗಲೇ ಮಳಿಗೆಗೆ ತೊಗರಿಬೇಳೆ ನೇರವಾಗಿ ಕೊಳ್ಳುವ ವಿಚಾರವಾಗಿ ನಾವು ಕಲಬುರಗಿಗೆ ಹೋಗಬೇಕಾಯಿತು. ಆ ಸೀಮೆಯ ತೊಗರಿಗೆ 2019ರಲ್ಲಿ ಭೌಗೋಳಿಕ ಗುರುತು ದೊರೆತಿದೆ. ಅಲ್ಲಿಗೆ ಸಮೀಪದ ಕಮಲಾಪುರದ ಕೆಂಪು ಬಾಳೆಗೂ ಆ ಮಾನ್ಯತೆ ಉಂಟು. ಬೇಳೆ ಗಿರಣಿಗಳನ್ನು ಸುತ್ತಿ ಮಧ್ಯಾಹ್ನ ಒಂದು ಖಾನಾವಳಿಯಲ್ಲಿ ಕುಳಿತೆವು. ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯ, ಕಟ್ಟಿಬೇಳೆ, ಶೇಂಗಾ ಹಿಂಡಿ, ಹಸಿ ಉಳ್ಳಾಗಡ್ಡಿ, ಮೊಸರು. ನಮ್ಮ ಮಲೆನಾಡಿನ ಎಲೆಯಲ್ಲಿ ಅನ್ನದ ಗುಡ್ಡೆ ನಡುವೆ ಕುಳಿತು ಪಲ್ಯ ಮೂಲೆ ಸೇರಿರುತ್ತದೆ. ಅಲ್ಲಿ ರೊಟ್ಟಿಯೇ ಒಂದು ಬದಿಗೆ, ಉಳಿದದ್ದೆಲ್ಲ ನಡುವೆ. ನಮ್ಮ ಊಟದಲ್ಲಿ ತಪ್ಪಿರುವುದು ಏನೆಂದು ಆ ತಟ್ಟೆ ನೋಡಿದ ಕೂಡಲೇ ಹೊಳೆಯಿತು.

ಹಾಗೆಂದು ಜೋಳವೇ ಅಮೃತ, ಅಕ್ಕಿಯೇ ವಿಷ ಎಂದು ಯಾರೂ ತಿಳಿಯಬಾರದು. ದಖ್ಖನಿನ ಒಣಸೀಮೆಯಲ್ಲಿ ಬೇಳೆ, ಹಾಲು, ಸೊಪ್ಪು ಕಾಣದೆ ಬರಿಯ ಜೋಳವನ್ನೇ ತಿಂದು ಬದುಕುತ್ತಿದ್ದ ಬಡವರಲ್ಲಿ ಹಿಂದೆ ಪೆಲ್ಲಾಗ್ರ ಎಂಬ ರೋಗ ಕಾಣುತ್ತಿತ್ತು. ಚರ್ಮ ಸುಲಿಯುವುದು, ಭೇದಿ, ಬುದ್ಧಿಭ್ರಮಣೆ ಅದರ ಲಕ್ಷಣಗಳು. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆಯ ಡಾ. ಸಿ. ಗೋಪಾಲನ್ ಮತ್ತು ಅವರ ಸಹೋದ್ಯೋಗಿಗಳು 1960ರ ಹೊತ್ತಿಗೆ ಇದನ್ನು ಆಳವಾಗಿ ಅಧ್ಯಯನ ಮಾಡಿದರು. ಅದೇ ಸಂಸ್ಥೆ 1918ರಲ್ಲಿ ನೀಲಗಿರಿಯ ಕೂನೂರಿನಲ್ಲಿ ಹುಟ್ಟಿಕೊಂಡದ್ದು ಬೆರಿಬೆರಿ ರೋಗದ ವಿಚಾರಣೆಗಾಗಿ. ಆ ರೋಗದ ಮೂಲ, ಪಾಲಿಷ್ ಮಾಡಿದ ಬಿಳಿ ಅಕ್ಕಿಯನ್ನೇ ನಂಬಿದ ಊಟ. ಅಕ್ಕಿಯವರಿಗೆ ಅಕ್ಕಿಯಿಂದ, ಜೋಳದವರಿಗೆ ಜೋಳದಿಂದ! ಕಾಳಿನ ತಪ್ಪಲ್ಲ, ಒಂದೇ ಕಾಳಿಗೆ ಕಟ್ಟುಬಿದ್ದದ್ದು ತಪ್ಪು.

ಸಂಜೆ ಶರಣಬಸವೇಶ್ವರ ದೇವಸ್ಥಾನಕ್ಕೆ ಹೋದೆವು. ಪಕ್ಕದಲ್ಲಿ ಕೆರೆ, ಎದುರಿಗೆ ಜನ. ಅರಳಗುಂಡಗಿಯಲ್ಲಿ ಹುಟ್ಟಿ ಕಲಬುರಗಿಯಲ್ಲಿ ನೆಲೆಸಿ 1822ರಲ್ಲಿ ಲಿಂಗೈಕ್ಯರಾದ ಶರಣಬಸವೇಶ್ವರರು ಒಕ್ಕಲುತನ ಮಾಡಿದವರು. ಬೆಳೆದದ್ದನ್ನು ಬಂದವರಿಗೆಲ್ಲ ಉಣಿಸಿ ದಾಸೋಹಿ ಎನಿಸಿಕೊಂಡವರು. ಪಂಕ್ತಿಯಲ್ಲಿ ನಾವೂ ಕುಳಿತೆವು. ಪಕ್ಕದಲ್ಲಿ ಒಬ್ಬ ಹಮಾಲರು, ಅವರ ಆಚೆ ಕಾಲೇಜಿನ ಹುಡುಗ, ಆಚೆ ಒಬ್ಬ ಮುದುಕಿ. ಬಡಿಸಿದ್ದು ಎಲ್ಲರಿಗೂ ಒಂದೇ. ಆದರೆ ಹಮಾಲರು ಮೂರು ಸಲ ಹಾಕಿಸಿಕೊಂಡರು, ಮುದುಕಿ ಒಂದು ಹಿಡಿಗೇ ಕೈ ಅಡ್ಡ ಹಿಡಿದಳು. ನಾವು ಸಂಕೋಚಕ್ಕೆ ಎರಡನೆಯ ಸಲ ಬೇಡವೆನ್ನದೆ ಕುಳಿತದ್ದನ್ನು ನೋಡಿ ಬಡಿಸುವ ಹಿರಿಯರು ನಕ್ಕು ಹೇಳಿದರು: "ನಿಮ್ಮ ಹೊಟ್ಟಿ ನಿಮಗ ಗೊತ್ತದ ಅಲ್ರೀ. ಸಾಕಂದ್ರ ಸಾಕನ್ರಿ, ನಾವೇನ್ ಸಿಟ್ಟಾಗಂಗಿಲ್ಲ."

ಅಡಿಗೆ ಎಲ್ಲರದೂ ಒಂದೇ, ಅಳತೆ ಅವರವರದು. ನಗರದ ಸಂಸ್ಥೆಯವರು ಒಂದು ಚೀಲ ಕಾಫಿಯ ಬೆಲೆಗೆ ಮಾರಹೊರಟದ್ದರ ಮುಕ್ಕಾಲು ಪಾಲು ಈ ಒಂದು ಮಾತಿನಲ್ಲಿದೆ ಎಂದು ನಮಗೆ ತೋರಿತು.

ಎಲ್ಲರಿಗೂ ಒಂದೇ ಆದದ್ದು

ಬೋರ್ಡೋ ದ್ರಾವಣ ಎಲ್ಲರ ಅಡಿಕೆ ತೋಟಕ್ಕೂ ಶೇಕಡ 1ರದ್ದೇ, ಸುಣ್ಣ ಮಾತ್ರ ಮಣ್ಣು ನೋಡಿ. ಆಹಾರದಲ್ಲಿಯೂ ಹೀಗೆ ಎರಡು ಭಾಗ ಮಾಡಿಕೊಂಡರೆ ಗೊಂದಲವಿಲ್ಲ.

ಎಲ್ಲರಿಗೂ ಅನ್ವಯಿಸುವುದನ್ನು ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆ 2024ರಲ್ಲಿ 17 ಸೂತ್ರಗಳಾಗಿ ಪ್ರಕಟಿಸಿದೆ. ಅದರ ಸಾರ ಹೀಗೆ: ದಿನದ ಶಕ್ತಿಯಲ್ಲಿ ಅಕ್ಕಿ, ಗೋಧಿ, ಜೋಳ, ರಾಗಿ ಎಲ್ಲ ಸೇರಿ ಶೇಕಡ 45 ಮೀರಬಾರದು, ನಾವು ಭಾರತೀಯರು ತಿನ್ನುತ್ತಿರುವುದು ಶೇಕಡ 50ರಿಂದ 70. ಉಳಿದದ್ದು ಬೇಳೆಕಾಳು, ತರಕಾರಿ, ಸೊಪ್ಪು, ಹಣ್ಣು, ಹಾಲು, ಮೊಟ್ಟೆ ಮೀನುಗಳಿಂದ ಬರಬೇಕು. ಉಪ್ಪು ದಿನಕ್ಕೆ 5 ಗ್ರಾಂ ಮೀರಬಾರದು. ಇದಕ್ಕೆ ರಕ್ತ ಪರೀಕ್ಷೆಯೂ ಬೇಡ, ಏಜೆಂಟರೂ ಬೇಡ. ಕೆಸುವಿನ ಸೊಪ್ಪು, ಕಳಲೆ, ಬಸಳೆ, ನುಗ್ಗೆ, ಹಲಸಿನ ಬೀಜ ನಮ್ಮ ಹಿತ್ತಲಲ್ಲೇ ಇವೆ. ನಮ್ಮ ಲೈನುಮನೆಗಳಲ್ಲಿ ಮೂರು ಹೊತ್ತೂ ಅನ್ನ ಮತ್ತು ತೆಳುಸಾರು ಉಣ್ಣುವ ಕೂಲಿಯವರಿಗೂ ಈ ಮಾತು ಅನ್ವಯಿಸುತ್ತದೆಂಬುದನ್ನು ಮರೆಯಬಾರದು.

ಅವರವರಿಗೆ ಬೇರೆಯಾದದ್ದು

ಸಕ್ಕರೆ ಕಾಯಿಲೆ: ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ದೊಡ್ಡ ಸಮೀಕ್ಷೆಯಂತೆ ದೇಶದಲ್ಲಿ ಸುಮಾರು 10 ಕೋಟಿ ಜನರಿಗೆ ಈ ಕಾಯಿಲೆ ಇದೆ. ನಾವೂ ಅವರಲ್ಲೊಬ್ಬರು. ಬೆರಳಿಗೆ ಚುಚ್ಚಿ ನೋಡುವ ಸಣ್ಣ ಯಂತ್ರದಿಂದ ಊಟಕ್ಕೆ ಮೊದಲೊಮ್ಮೆ, ಎರಡು ಗಂಟೆಯ ನಂತರ ಒಮ್ಮೆ ನೋಡಿ ತೋಟದ ಡೈರಿಯಲ್ಲಿ ಬರೆದಿಡುವ ಪರಿಪಾಠ ಮಾಡಿಕೊಂಡೆವು. ಮೂರು ಅಕ್ಕಿರೊಟ್ಟಿ ತಿಂದ ದಿನ ಏರಿತು, ಸರಿ. ಕಲಬುರಗಿಯ ಹುಮ್ಮಸ್ಸಿನಲ್ಲಿ ಮೂರು ಜೋಳದ ರೊಟ್ಟಿ ತಿಂದ ದಿನವೂ ಏರಿತು! ಒಂದೂವರೆ ರೊಟ್ಟಿ, ಎರಡು ಸೌಟು ಹೆಸರುಕಾಳು, ತಟ್ಟೆ ತುಂಬ ಪಲ್ಯ ತಿಂದ ದಿನ ಹತೋಟಿಯಲ್ಲಿತ್ತು. ಊಟದ ನಂತರ ಕಣದ ಸುತ್ತ ಹದಿನೈದು ನಿಮಿಷ ನಡೆದ ದಿನ ಇನ್ನೂ ಕಡಿಮೆ. ನಮಗೆ ತಕ್ಕ ಆಹಾರ ಯಾವುದೆಂದು ನಮ್ಮ ರಕ್ತವೇ ಹೇಳಿತು. ಕಮಲಾಪುರದ ಕೆಂಪು ಬಾಳೆ ಎಷ್ಟು ರುಚಿಯೋ ಅಷ್ಟೇ ಸಿಹಿ. ಅರ್ಧ ಹಣ್ಣು ಸಾಕೆಂದೂ ಅದೇ ಹೇಳಿತು. ಆದರೆ ಇದನ್ನು ನೋಡಿ ಯಾರೂ ತಾವಾಗಿ ಔಷಧಿ ಕಡಿಮೆ ಮಾಡಬಾರದು.

ಥೈರಾಯ್ಡ್: ನಮ್ಮ ಮನೆಯವರು ಹಲವು ವರ್ಷ ಬೆಳಗಿನ ಮಾತ್ರೆಯನ್ನು ಬಿಸಿ ಕಾಫಿಯ ಜೊತೆ ನುಂಗುತ್ತಿದ್ದರು. ಕಾಫಿ ಬೆಳೆಗಾರರ ಮನೆ, ಕೇಳುವವರಾರು? ಮಾತ್ರೆಯ ಪ್ರಮಾಣ ಏರುತ್ತಲೇ ಹೋಯಿತು. ಕೊನೆಗೆ ಒಬ್ಬ ವೈದ್ಯರು ಕೇಳಿದ ಒಂದೇ ಪ್ರಶ್ನೆ, "ಅಮ್ಮ, ಮಾತ್ರೆ ಯಾವುದರ ಜೊತೆ ತಗೋತೀರಿ?" ಕಾಫಿ ಆ ಮಾತ್ರೆ ಕರುಳಿನಲ್ಲಿ ಸೇರುವುದನ್ನು ತಡೆಯುತ್ತದೆ. ಖಾಲಿ ಹೊಟ್ಟೆಯಲ್ಲಿ ನೀರಿನೊಡನೆ ಮಾತ್ರೆ, ಒಂದು ಗಂಟೆ ಬಿಟ್ಟು ಕಾಫಿ ಎಂದಾದ ಮೇಲೆ ಮುಂದಿನ ಪರೀಕ್ಷೆಯಲ್ಲಿ ಲೆಕ್ಕ ಸರಿಯಾಗಿ ಬಂತು. ಕಬ್ಬಿಣ ಮತ್ತು ಕ್ಯಾಲ್ಸಿಯಂ ಮಾತ್ರೆಗಳಿದ್ದರೆ ಅವಕ್ಕೂ ನಾಲ್ಕು ಗಂಟೆಯ ಅಂತರ ಬೇಕು. ಇನ್ನೊಂದು ಮಾತು. ಆರೋಗ್ಯಕ್ಕೆ ಒಳ್ಳೆಯದೆಂದು ಸೈಂಧವ ಲವಣಕ್ಕೆ ಬದಲಾದ ಮನೆಗಳು ಹೆಚ್ಚುತ್ತಿವೆ. ಮಳೆ ತೊಳೆದ ಗುಡ್ಡಗಾಡಿನ ಮಣ್ಣಿನಲ್ಲಿ ಅಯೋಡಿನ್ ಕಡಿಮೆ. ನಮ್ಮ ಅಜ್ಜಿಯರ ಕಾಲದ ಗಳಗಂಡ ನೆನಪಿರಬಹುದು. 1962ರಲ್ಲಿ ಸರ್ಕಾರ ಗಳಗಂಡ ನಿಯಂತ್ರಣ ಕಾರ್ಯಕ್ರಮ ಆರಂಭಿಸಿ ಅಯೋಡಿನ್ ಸೇರಿದ ಉಪ್ಪು ಕೊಟ್ಟದ್ದು ಅದಕ್ಕಾಗಿಯೇ. ಮುಖ್ಯವಾಗಿ ಬಸುರಿಯರಿರುವ ಮನೆಯಲ್ಲಿ ಆ ಉಪ್ಪನ್ನು ಬಿಡಬಾರದು.

ಹೆಣ್ಣುಮಕ್ಕಳ ಮುಟ್ಟಿನ ಏರುಪೇರು: ಪಿ.ಸಿ.ಓ.ಎಸ್. ಎಂದು ಹೆಸರಿಟ್ಟು ನಮ್ಮ ಮಕ್ಕಳನ್ನು ಹೆದರಿಸಿ ಪುಡಿ ಮಾರುವವರೇ ಹೆಚ್ಚು. 2023ರ ಅಂತರರಾಷ್ಟ್ರೀಯ ಮಾರ್ಗಸೂಚಿ ಸ್ಪಷ್ಟವಾಗಿ ಹೇಳಿದೆ: ಇದಕ್ಕೆಂದೇ ಮೇಲಾದ ಒಂದು ಪಥ್ಯ ಇಲ್ಲ. ಸಮತೋಲನದ ಊಟ, ನಡಿಗೆ ಅಥವಾ ವ್ಯಾಯಾಮ, ವೈದ್ಯರ ಸಲಹೆ ಸಾಕು. ತೂಕ ಹೆಚ್ಚಿದ್ದವರಿಗೆ ಅಲ್ಪ ಸ್ವಲ್ಪ ಇಳಿದರೂ ಗುಣ ಕಾಣುವುದುಂಟು. ಮಗಳು ಬಾಯಿಬಿಟ್ಟು ಹೇಳುವಂತೆ ಮನೆಯಲ್ಲಿ ಸಲಿಗೆ ಇರಬೇಕಾದದ್ದೇ ಮೊದಲ ಔಷಧ.

ಹೊಟ್ಟೆ: ಹಾಲು ಕುಡಿದರೆ ಉಬ್ಬರಿಸುವವರು ಎರಡು ವಾರ ಹಾಲು ಬಿಟ್ಟು, ಮತ್ತೆ ಕುಡಿದು ನೋಡಲಿ. ಅಂಥವರಲ್ಲಿ ಅನೇಕರಿಗೆ ಮೊಸರು ಮಜ್ಜಿಗೆ ಒಗ್ಗುತ್ತದೆ. ತೊಗರಿಬೇಳೆಯಿಂದ ವಾಯುವಾಗುವವರು ನೆನೆಹಾಕಿ ಆ ನೀರು ಚೆಲ್ಲಿ ಬೇಯಿಸಲಿ, ಹೆಸರುಬೇಳೆಗೆ ಬದಲಾಯಿಸಿ ನೋಡಲಿ. ಗೋಧಿ ನಿಜವಾಗಿಯೂ ಆಗದ ಸೀಲಿಯಾಕ್ ಎಂಬ ರೋಗ ಉಂಟು. ಅಂಥವರಿಗೆ ಜೋಳ, ರಾಗಿ, ಅಕ್ಕಿಯೇ ಆಸರೆ. ಆದರೆ ರಕ್ತ ಪರೀಕ್ಷೆಗೆ ಮುಂಚೆಯೇ ಗೋಧಿ ಬಿಟ್ಟರೆ ರೋಗ ಪತ್ತೆಯಾಗುವುದಿಲ್ಲ, ಎಚ್ಚರ. ಏನನ್ನೇ ಬಿಡುವುದಾದರೂ ಒಂದು ಸಲಕ್ಕೆ ಒಂದನ್ನು, ಕೆಲವು ವಾರ ಮಾತ್ರ. ಹತ್ತು ಪದಾರ್ಥ ಒಟ್ಟಿಗೆ ಬಿಟ್ಟರೆ ಯಾವುದರಿಂದ ಗುಣವಾಯಿತೆಂದು ತಿಳಿಯದು. ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, ರಕ್ತಹೀನತೆ ಇವು ಕಂಡರೆ ಪ್ರಯೋಗ ಬಿಟ್ಟು ಆಸ್ಪತ್ರೆಗೆ ಹೋಗಬೇಕು.

ನಮ್ಮ ಬೆಳೆಗಳ ಮಾತು

ಊರಿಗೆಲ್ಲ ಬುದ್ಧಿ ಹೇಳಿ ನಮ್ಮ ಬೆಳೆಯ ವಿಷಯದಲ್ಲಿ ಸುಮ್ಮನಿರುವುದು ನ್ಯಾಯವಲ್ಲ. ಕಾಫಿಯ ವಿಚಾರದಲ್ಲಿ ಹೆದರಬೇಕಾಗಿಲ್ಲ. ಪೌಷ್ಟಿಕಾಂಶ ಸಂಸ್ಥೆಯ ಪ್ರಕಾರ ದಿನಕ್ಕೆ 300 ಮಿಲಿಗ್ರಾಂ ಕೆಫೀನ್ ಮಿತಿ. 150 ಮಿಲಿಲೀಟರಿನ ಒಂದು ಲೋಟ ಫಿಲ್ಟರ್ ಕಾಫಿಯಲ್ಲಿ 80ರಿಂದ 120 ಮಿಲಿಗ್ರಾಂ ಇರುತ್ತದೆ. ಲೆಕ್ಕ ನೀವೇ ಹಾಕಿಕೊಳ್ಳಿ. ಊಟದ ಒಂದು ಗಂಟೆ ಹಿಂದೆ ಮುಂದೆ ಬೇಡ. ಆಹಾರದ ಕಬ್ಬಿಣದ ಅಂಶ ದೇಹಕ್ಕೆ ಸರಿಯಾಗಿ ಸೇರುವುದಿಲ್ಲ. ರಕ್ತ ಕಡಿಮೆ ಇರುವ ಹೆಂಗಸರು ಇದನ್ನು ಅಗತ್ಯ ಗಮನಿಸಬೇಕು.

ಅಡಿಕೆಯ ಮಾತು ಕಷ್ಟದ್ದು. ಊಟದ ಮೇಲೆ ತಾಂಬೂಲ ಜೀರ್ಣಕ್ಕೆ ಒಳ್ಳೆಯದೆಂದು ನಾವೂ ಹೇಳುತ್ತ ಬೆಳೆದವರು. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರ ವರದಿಯಲ್ಲಿ ತಂಬಾಕು ಸೇರದ ಅಡಿಕೆಯನ್ನೂ ಕ್ಯಾನ್ಸರ್‌ಕಾರಕ ಎಂದು ಮೊದಲನೆಯ ಗುಂಪಿಗೆ ಸೇರಿಸಿದೆ. ಈ ಬಗ್ಗೆ ನಮ್ಮಲ್ಲಿ ಅಸಮಾಧಾನವಿದೆ, ಬೆಲೆಯ ಚಿಂತೆಯೂ ಇದೆ. ಆ ಚಿಂತೆ ನಮಗೂ ಉಂಟು. ನಮ್ಮ ಮಕ್ಕಳು ಓದಿದ್ದು ಅಡಿಕೆಯ ದುಡ್ಡಿನಲ್ಲಿ. ಆದರೂ ಜಗಿಯುವವರು ಬಾಯಿ ಪೂರ್ತಿ ತೆರೆಯಲು ಆಗುತ್ತಿದೆಯೇ ಎಂದು ನೋಡಿಕೊಳ್ಳಬೇಕು, ವರ್ಷಕ್ಕೊಮ್ಮೆ ಬಾಯಿ ತೋರಿಸಬೇಕು ಎಂದು ನಾವೇ ಹೇಳದಿದ್ದರೆ ಇನ್ನಾರು ಹೇಳಬೇಕು?

ನಮ್ಮ ಸಲಹೆ

ಮಂಡಳಿಯ ಮುಂದೆ ನಾವು ಇಡಲಿರುವ ಸಲಹೆಗಳು ಮೂರು. ಒಂದು, ಏಜೆನ್ಸಿಯ ಅರ್ಜಿಯನ್ನು ವಂದನೆಯೊಡನೆ ಹಿಂದಕ್ಕೆ ಕಳಿಸುವುದು. ಎರಡು, ಮಳಿಗೆಯಲ್ಲಿ ಕಲಬುರಗಿಯ ತೊಗರಿಬೇಳೆ, ಜೋಳ, ಹೆಸರುಕಾಳು ಮತ್ತು ಅಯೋಡಿನ್ ಉಪ್ಪನ್ನು ಅಲ್ಪ ಲಾಭಕ್ಕೆ ಮಾರುವುದು. ಮೂರು, 30 ವರ್ಷ ದಾಟಿದವರಿಗೆ ಸರ್ಕಾರಿ ಆರೋಗ್ಯ ಕೇಂದ್ರದವರು ಉಚಿತವಾಗಿ ಮಾಡುವ ಸಕ್ಕರೆ, ರಕ್ತದೊತ್ತಡ ಮತ್ತು ಬಾಯಿಯ ತಪಾಸಣೆಯನ್ನು ಕೊಯ್ಲು ಮುಗಿದ ಮೇಲೆ ಸಂಘದ ಕಣದಲ್ಲಿಯೇ ಏರ್ಪಡಿಸುವಂತೆ ಕೋರುವುದು. ಸದಸ್ಯರಷ್ಟೇ ಅಲ್ಲ, ತೋಟದ ಆಳುಗಳೂ ಬರಲಿ.

ಕಮಿಷನ್ ಕೈತಪ್ಪುತ್ತದೆ, ನಿಜ. ಆದರೆ ಸದಸ್ಯನ ಹೆದರಿಕೆಯಿಂದ ಬರುವ ಹಣ ಸಹಕಾರ ಸಂಘದ ಲಾಭದ ಖಾತೆಗೆ ಶೋಭೆಯಲ್ಲ. ಊಟ ಬಲ್ಲವನಿಗೆ ರೋಗವಿಲ್ಲ ಎಂಬ ಗಾದೆಯನ್ನು ನಾವು ಪೂರ್ತಿ ಒಪ್ಪುವವರಲ್ಲ. ಊಟ ಬಲ್ಲವರಿಗೂ ರೋಗ ಬರುತ್ತದೆ, ಅದಕ್ಕೆ ವೈದ್ಯರಿದ್ದಾರೆ. ಆದರೆ ಊಟ ಬಲ್ಲವನಿಗೆ ಪುಡಿ ಮಾರುವುದು ಕಷ್ಟ, ಅಷ್ಟು ಮಾತ್ರ ಖಂಡಿತ.

ಬೇರೆ ಅಭಿಪ್ರಾಯವಿರುವ ಸದಸ್ಯರು ಮುಂದಿನ ಸಭೆಯೊಳಗಾಗಿ ಬರೆದು ತಿಳಿಸಬೇಕೆಂದು ಕೋರುತ್ತೇವೆ. ಬಂದದ್ದನ್ನು ಮಂಡಳಿಯ ಮುಂದೆ ಇದ್ದಂತೆಯೇ ಓದುತ್ತೇವೆ.

— ಕಾರ್ಯದರ್ಶಿ